ಕಂಪ್ಯೂಟರ್ ಮಲಗಿದಾಗ ಡಿಸ್ಕ್‌ಗೆ ಏನಾಗುತ್ತದೆ? ಸಸ್ಪೆಂಡ್ ಮತ್ತು ರಿಸ್ಯೂಮ್‌ನ ಸಮಗ್ರ ಮಾರ್ಗದರ್ಶಿ

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆದಾಗ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕಾಣೆಯಾಗಿರುತ್ತದೆ. ಡ್ಯುಯಲ್ ಬೂಟ್ (ಎರಡು ಆಪರೇಟಿಂಗ್ ಸಿಸ್ಟಮ್ ಇರುವ) ಮಷೀನಿನಲ್ಲಿ ವಿಂಡೋಸ್ ಪಾರ್ಟಿಶನ್‌ಗೆ ಲಿನಕ್ಸ್‌ನಿಂದ ಏನೂ ಬರೆಯಲಾಗುವುದಿಲ್ಲ. ಎದ್ದ ಸ್ವಲ್ಪ ಹೊತ್ತಿಗೆ ಇಡೀ ಸಿಸ್ಟಮ್ ‘ಇನ್‌ಪುಟ್/ಔಟ್‌ಪುಟ್ ಎರರ್’ ಎನ್ನುತ್ತಾ ಕುಸಿಯುತ್ತದೆ. ಮೂರೂ ಬೇರೆ ಬೇರೆ ತೊಂದರೆ ಅನ್ನಿಸಿದರೂ ಬೇರು ಒಂದೇ. ಮಲಗುವಾಗ ಆಪರೇಟಿಂಗ್ ಸಿಸ್ಟಮ್ ಡಿಸ್ಕನ್ನು ಅನ್‌ಮೌಂಟ್ ಮಾಡುವುದಿಲ್ಲ, ಅಂದರೆ ಲೆಕ್ಕ ಮುಗಿಸಿ ಬಿಡಿಸಿಕೊಳ್ಳುವುದಿಲ್ಲ. ಫೈಲ್‌ಗಳು ತೆರೆದೇ ಇರುತ್ತವೆ, ಫೈಲ್ ಸಿಸ್ಟಮ್‌ನ ಅರ್ಧ ಲೆಕ್ಕ ರ‍್ಯಾಮ್‌ನಲ್ಲೇ ಇರುತ್ತದೆ. ನಾನು ಏಳುವಾಗ ಡಿಸ್ಕ್ ಬಿಟ್ಟ ಹಾಗೇ ಇರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಅದು ಕಣ್ಣು ಮುಚ್ಚುತ್ತದೆ. ಮುಂದೆ ಹೇಳುವುದೆಲ್ಲ ಆ ನಂಬಿಕೆ ಎಲ್ಲೆಲ್ಲಿ ಮುರಿಯುತ್ತದೆ, ಮುರಿಯದಂತೆ ಏನು ಮಾಡಬೇಕು ಎಂಬುದರ ಬಗ್ಗೆ.

ಉದಾಹರಣೆಗಳು ಹೆಚ್ಚಾಗಿ ಲಿನಕ್ಸ್‌ನವು, ಯಾಕೆಂದರೆ ಒಳಗೆ ನಡೆಯುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ವಿಂಡೋಸ್ ಮತ್ತು ಮ್ಯಾಕ್ ಬೇರೆಯಾಗಿ ನಡೆದುಕೊಳ್ಳುವ ಕಡೆ ಅದನ್ನೂ ಹೇಳಿದ್ದೇನೆ. ಕಮ್ಯಾಂಡ್, ಫೈಲ್ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ.

ಹಂತ 1: ನಿಮ್ಮ ಮಷೀನ್ ಮಾಡುವುದು ಯಾವ ನಿದ್ದೆ?

ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿಕೊಂಡು 1996ರ ಡಿಸೆಂಬರ್‌ನಲ್ಲಿ ಎಸಿಪಿಐ ಎಂಬ, ಮಷೀನಿನ ಕರೆಂಟ್ ನಿರ್ವಹಣೆಯ ನಿಯಮಾವಳಿ ಹೊರತಂದವು. ಎಸ್0ಯಿಂದ ಎಸ್5ವರೆಗಿನ ಹೆಸರುಗಳು ಅಲ್ಲಿಂದ ಬಂದವು. ಅವುಗಳಲ್ಲಿ ನಮಗೆ ಬೇಕಾದವು ಮೂರು.

ಎಸ್3ಯಲ್ಲಿ ರ‍್ಯಾಮ್‌ಗೆ ಮಾತ್ರ ಕರೆಂಟ್ ಇರುತ್ತದೆ. ಪ್ರೊಸೆಸರ್ ಆಫ್, ಡಿಸ್ಕ್ ಕೂಡ ಸಾಮಾನ್ಯವಾಗಿ ಪೂರ್ತಿ ಆಫ್. ಎಸ್4 ಅಂದರೆ ಹೈಬರ್ನೇಟ್: ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆದು ಮಷೀನ್ ಆಫ್ ಆಗುತ್ತದೆ. ಮೂರನೆಯದು ಎಸ್0ಯಲ್ಲೇ ಇದ್ದುಕೊಂಡು ತೂಕಡಿಸುವುದು. ವಿಂಡೋಸ್ ಇದನ್ನು ಮಾಡರ್ನ್ ಸ್ಟ್ಯಾಂಡ್‌ಬೈ ಎನ್ನುತ್ತದೆ, ಲಿನಕ್ಸ್ ಎಸ್2ಐಡಲ್ ಎನ್ನುತ್ತದೆ. ಇಲ್ಲಿ ಫರ್ಮ್‌ವೇರ್ (ಬಯಾಸ್‌ನಂಥ, ಮಷೀನಿನೊಳಗೇ ಕೂತ ತಂತ್ರಾಂಶ) ಬಂದು ಎಲ್ಲವನ್ನೂ ಆರಿಸುವುದಿಲ್ಲ. ಒಂದೊಂದು ಸಾಧನವೂ ತಾನಾಗಿ ಕಡಿಮೆ ಕರೆಂಟಿನ ಸ್ಥಿತಿಗೆ ಇಳಿಯಬೇಕು. ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟರಲ್ಲಿ ಎಸ್3 ಇಲ್ಲವೇ ಇಲ್ಲ.

ಲಿನಕ್ಸ್‌ನಲ್ಲಿ ‘/ಸಿಸ್/ಪವರ್/ಮೆಮ್_ಸ್ಲೀಪ್’ ಫೈಲನ್ನು ‘ಕ್ಯಾಟ್’ ಮಾಡಿ. ‘ಎಸ್2ಐಡಲ್’, ‘ಡೀಪ್’ ಎಂಬ ಪದಗಳು ಬರುತ್ತವೆ. ಚೌಕ ಆವರಣದೊಳಗೆ ಇರುವುದು ಈಗಿನ ಆಯ್ಕೆ. ‘ಡೀಪ್’ ಅಂದರೆ ಎಸ್3. ಅದು ಪಟ್ಟಿಯಲ್ಲೇ ಇಲ್ಲದಿದ್ದರೆ ಫರ್ಮ್‌ವೇರ್ ಅದನ್ನು ಕೊಟ್ಟಿಲ್ಲ ಎಂದರ್ಥ, ಬಲವಂತ ಮಾಡಿ ಪ್ರಯೋಜನವಿಲ್ಲ. ವಿಂಡೋಸ್‌ನಲ್ಲಿ ಕಮ್ಯಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎ’ ಕೊಟ್ಟರೆ ಯಾವ ನಿದ್ದೆ ಉಂಟು, ಯಾವುದು ಇಲ್ಲ, ಯಾಕಿಲ್ಲ ಎಂಬುದನ್ನೂ ಹೇಳುತ್ತದೆ. ಮ್ಯಾಕ್‌ನಲ್ಲಿ ‘ಪಿಎಂಸೆಟ್ -ಜಿ’ ಕೊಟ್ಟು ‘ಹೈಬರ್ನೇಟ್‌ಮೋಡ್’ ಸಾಲು ನೋಡಿ. 0 ಇದ್ದರೆ ರ‍್ಯಾಮ್ ಮಾತ್ರ. 3 ಇದ್ದರೆ ರ‍್ಯಾಮ್‌ಗೆ ಕರೆಂಟ್ ಇರುತ್ತದೆ, ಜೊತೆಗೆ ಡಿಸ್ಕ್‌ನಲ್ಲೂ ಒಂದು ಪ್ರತಿ. 25 ಇದ್ದರೆ ಡಿಸ್ಕ್ ಮಾತ್ರ.

ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಒಂದು ಮಾತು. ಯುಪಿಎಸ್ ಇಲ್ಲದ ಮಷೀನನ್ನು ಎಸ್3ಯಲ್ಲಿ ಮಲಗಿಸಿದರೆ, ಕರೆಂಟ್ ಹೋದ ಕ್ಷಣ ರ‍್ಯಾಮ್ ಖಾಲಿ. ನಮ್ಮೂರುಗಳಲ್ಲಿ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಅಂಥವರು ಹೈಬ್ರಿಡ್ ಸ್ಲೀಪ್ ಆನ್ ಮಾಡಿಕೊಳ್ಳುವುದು ಮೇಲು: ಮಲಗುವ ಮುಂಚೆ ಡಿಸ್ಕ್‌ನಲ್ಲೂ ಒಂದು ಪ್ರತಿ ಇರುತ್ತದೆ, ಕರೆಂಟ್ ಉಳಿದರೆ ರ‍್ಯಾಮ್‌ನಿಂದ ಬೇಗ ಏಳುತ್ತದೆ, ಹೋದರೆ ಡಿಸ್ಕ್‌ನಿಂದ ನಿಧಾನಕ್ಕೆ ಏಳುತ್ತದೆ. ಲಿನಕ್ಸ್‌ನಲ್ಲಿ ‘ಸಿಸ್ಟಮ್‌ಸಿಟಿಎಲ್ ಹೈಬ್ರಿಡ್-ಸ್ಲೀಪ್’, ವಿಂಡೋಸ್‌ನಲ್ಲಿ ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನ ಸ್ಲೀಪ್ ವಿಭಾಗ.

ಹಂತ 2: ಒಂದು ಸಲ ಮಲಗಿಸಿ ಎಬ್ಬಿಸಿ, ಲಾಗ್ ಓದಿ

ಏನನ್ನೂ ಬದಲಿಸುವ ಮುಂಚೆ ಇದನ್ನು ಮಾಡಿ. ಎದ್ದ ಮೇಲೆ ‘ಜರ್ನಲ್‌ಸಿಟಿಎಲ್ -ಕೆ -ಬಿ’ ಕೊಟ್ಟು ‘ಸಸ್ಪೆಂಡ್ ಎಂಟ್ರಿ’ ಎಂಬ ಸಾಲಿನಿಂದ ‘ಸಸ್ಪೆಂಡ್ ಎಕ್ಸಿಟ್’ ಎಂಬ ಸಾಲಿನವರೆಗೆ ಸಾವಧಾನವಾಗಿ ಓದಿ. ಇಡೀ ಕಥೆ ಅಲ್ಲಿದೆ.

ಮೊದಲು ‘ಫೈಲ್‌ಸಿಸ್ಟಮ್ಸ್ ಸಿಂಕ್’ ಎಂಬ ಸಾಲು, ಮುಂದೆ ಇಷ್ಟು ಸೆಕೆಂಡ್ ಎಂದು. ರ‍್ಯಾಮ್‌ನಲ್ಲಿ ಕಾಯುತ್ತಿದ್ದ ಬರವಣಿಗೆಯನ್ನೆಲ್ಲ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಡಿಸ್ಕ್‌ಗೆ ತಳ್ಳುವ ಹೊತ್ತು ಇದು. ಒಳ್ಳೆಯ ಎಸ್‌ಎಸ್‌ಡಿಯಲ್ಲಿ ಇದು ಸೆಕೆಂಡಿನ ಸಣ್ಣ ಭಾಗ. ಇಲ್ಲಿ ಹತ್ತಾರು ಸೆಕೆಂಡ್ ಕಂಡರೆ ಯಾವುದೋ ನಿಧಾನದ ಪೆನ್‌ಡ್ರೈವ್‌ಗೆ ದೊಡ್ಡ ಫೈಲ್ ಇನ್ನೂ ಹೋಗುತ್ತಿತ್ತು ಅಂತ ಅರ್ಥ. ಕಾಪಿ ವಿಂಡೋ ಎಂದೋ ಮುಗಿಯಿತು ಎಂದಿರಬಹುದು, ಅದನ್ನು ನಂಬಬೇಡಿ. ಮುಚ್ಚಳ ಮುಚ್ಚಿದರೂ ಲ್ಯಾಪ್‌ಟಾಪ್ ಬೇಗ ಮಲಗದೆ ಬ್ಯಾಗಿನೊಳಗೆ ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ.

ನಂತರ ‘ಫ್ರೀಜಿಂಗ್ ಯೂಸರ್ ಸ್ಪೇಸ್ ಪ್ರೊಸೆಸಸ್’. ನಿಮ್ಮ ಬ್ರೌಸರ್, ಎಡಿಟರ್, ಎಲ್ಲ ಪ್ರೋಗ್ರಾಂಗಳೂ ಇದ್ದಲ್ಲೇ ನಿಲ್ಲುತ್ತವೆ. ಸಿಂಕ್ ಮೊದಲು, ಫ್ರೀಜ್ ಆಮೇಲೆ ಎಂಬುದನ್ನು ಗಮನಿಸಿ. ಆ ಎರಡರ ನಡುವಿನ ಸಣ್ಣ ಸಂದಿನಲ್ಲಿ ಯಾವುದಾದರೂ ಪ್ರೋಗ್ರಾಂ ಏನಾದರೂ ಬರೆದರೆ ಅದು ರ‍್ಯಾಮ್‌ನಲ್ಲೇ ಉಳಿದು ಮಲಗುತ್ತದೆ. ಎದ್ದರೆ ಡಿಸ್ಕ್‌ಗೆ ಹೋಗುತ್ತದೆ. ಎಸ್3ಯಲ್ಲೇ ಬ್ಯಾಟರಿ ಸತ್ತರೆ ಅಷ್ಟು ನಷ್ಟ. ಫೈಲ್ ಸಿಸ್ಟಮ್ ಕೆಡುವುದಿಲ್ಲ, ಜರ್ನಲ್ (ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಮುಂಚೆಯೇ ಬರೆದಿಡುವ ದಾಖಲೆ) ಕಾಪಾಡುತ್ತದೆ. ಆದರೆ ಕೊನೆಯ ಕ್ಷಣದ ಬರಹ ಹೋಗಬಹುದು.

ಆಮೇಲೆ ಸಾಧನಗಳ ಸರದಿ. ಯಾವುದು ಯಾವುದಕ್ಕೆ ನೇತುಕೊಂಡಿದೆ ಎಂಬ ಮರವೊಂದು ಕರ್ನಲ್ ಹತ್ತಿರ ಇರುತ್ತದೆ. ತುದಿಯಿಂದ ಬುಡದ ಕಡೆಗೆ ಮಲಗಿಸುತ್ತಾ ಬರುತ್ತದೆ: ಮೊದಲು ಡಿಸ್ಕ್, ಆಮೇಲೆ ಅದನ್ನು ಚುಚ್ಚಿರುವ ಸಾಟಾ ಪೋರ್ಟ್, ಆಮೇಲೆ ಕಂಟ್ರೋಲರ್, ಕೊನೆಗೆ ಅದನ್ನು ಪ್ರೊಸೆಸರ್ ಕಡೆಗೆ ಜೋಡಿಸುವ ಪಿಸಿಐ ಬಸ್. ಏಳುವಾಗ ತಿರುಗುಮುರುಗು. ಸಾಟಾ ಡಿಸ್ಕ್ ಇದ್ದರೆ ಲಾಗ್‌ನಲ್ಲಿ ‘ಸಿಂಕ್ರೊನೈಸಿಂಗ್ ಸ್ಕಸಿ ಕ್ಯಾಶ್’, ಅದರ ಹಿಂದೆಯೇ ‘ಸ್ಟಾಪಿಂಗ್ ಡಿಸ್ಕ್’ ಎಂಬ ಎರಡು ಸಾಲು ಕಾಣುತ್ತವೆ. ಈ ಮಾರ್ಗದರ್ಶಿಯಲ್ಲಿ ಬೇರೇನು ಮರೆತರೂ ಈ ಎರಡನ್ನು ನೆನಪಿಡಿ. ಮೊದಲನೆಯದು, ಡಿಸ್ಕ್ ತನ್ನೊಳಗಿನ ಕ್ಯಾಶ್‌ನಲ್ಲಿ ಇಟ್ಟುಕೊಂಡದ್ದನ್ನೂ ತಟ್ಟೆಯ ಮೇಲೆ ಅಥವಾ ಫ್ಲ್ಯಾಶ್‌ಗೆ ಇಳಿಸು ಎಂಬ ಆಜ್ಞೆ. ಕರ್ನಲ್ ಸಿಂಕ್ ಮಾಡಿತು ಅಂದ ಮಾತ್ರಕ್ಕೆ ಡಿಸ್ಕ್ ಬರೆದು ಮುಗಿಸಿದೆ ಎಂದಲ್ಲ, ಅದಕ್ಕೇ ಈ ಎರಡನೇ ಖಾತ್ರಿ. ಎರಡನೆಯದು, ಇನ್ನು ಕರೆಂಟ್ ತೆಗೆಯುತ್ತೇನೆ, ಹೆಡ್ ಪಕ್ಕಕ್ಕೆ ಇಟ್ಟು ನಿಲ್ಲು ಎಂಬ ಸೂಚನೆ.

ಎದ್ದಾಗ ‘ಸ್ಟಾರ್ಟಿಂಗ್ ಡಿಸ್ಕ್’, ಸ್ವಲ್ಪ ಹೊತ್ತಿಗೆ ‘ಸಾಟಾ ಲಿಂಕ್ ಅಪ್’, ಜೊತೆಗೆ ವೇಗ. ತಟ್ಟೆ ತಿರುಗುವ ಹಾರ್ಡ್‌ಡಿಸ್ಕ್‌ಗೆ ಪೂರ್ಣ ವೇಗ ಹಿಡಿಯಲು ಹಲವು ಸೆಕೆಂಡ್ ಬೇಕು. ಹಿಂದೆ ಅಷ್ಟು ಹೊತ್ತೂ ಇಡೀ ಸಿಸ್ಟಮ್ ಕಾಯುತ್ತಿತ್ತು. 2014ರ 3.15 ಕರ್ನಲ್‌ನಿಂದ ಡಿಸ್ಕ್ ಎಬ್ಬಿಸುವುದು ಹಿನ್ನೆಲೆಯಲ್ಲಿ ನಡೆಯುತ್ತದೆ. ಪರದೆ ಬಂದಿದೆ, ಮೌಸ್ ಆಡುತ್ತಿದೆ, ಆದರೆ ಫೋಲ್ಡರ್ ತೆರೆಯಲು ತಡ ಅಂದರೆ ಹೆದರಬೇಡಿ, ತಟ್ಟೆ ಇನ್ನೂ ವೇಗ ಹಿಡಿಯುತ್ತಿದೆ ಅಷ್ಟೆ.

ಹಂತ 3: ಒಳಗಿನ ಡಿಸ್ಕ್ ಹೇಳಿಸಿಕೊಂಡು ಮಲಗುತ್ತಿದೆಯೇ?

ಇದನ್ನು ಪರೀಕ್ಷಿಸುವ ದಾರಿ ಸರಳ, ಆದರೆ ಮಾಡುವವರು ಕಡಿಮೆ. ಡಿಸ್ಕ್‌ಗಳು ಹೇಳದೆ ಕೇಳದೆ ಕರೆಂಟ್ ಹೋದ ಸಲಗಳನ್ನು ಎಣಿಸಿ ಇಟ್ಟುಕೊಳ್ಳುತ್ತವೆ. ‘ಸ್ಮಾರ್ಟ್‌ಮಾನ್‌ಟೂಲ್ಸ್’ ಪ್ಯಾಕೇಜ್ ಹಾಕಿಕೊಂಡು ‘ಸ್ಮಾರ್ಟ್‌ಸಿಟಿಎಲ್ -ಎ’ ಕಮ್ಯಾಂಡನ್ನು ಡಿಸ್ಕ್ ಹೆಸರಿನೊಂದಿಗೆ ರೂಟ್ (ಅಡ್ಮಿನಿಸ್ಟ್ರೇಟರ್) ಆಗಿ ಕೊಡಿ. ಎನ್‌ವಿಎಂಇ (ಪಿಸಿಐ ಬಸ್‌ಗೇ ನೇರ ಜೋಡಿಸುವ ಎಸ್‌ಎಸ್‌ಡಿ) ಆದರೆ ‘ಅನ್‌ಸೇಫ್ ಶಟ್‌ಡೌನ್ಸ್’ ಎಂಬ ಸಾಲು. ಹಾರ್ಡ್‌ಡಿಸ್ಕ್ ಆದರೆ 192ನೇ ಸಾಲು, ‘ಪವರ್-ಆಫ್ ರಿಟ್ರಾಕ್ಟ್ ಕೌಂಟ್’. ಸಂಖ್ಯೆ ಬರೆದಿಟ್ಟುಕೊಳ್ಳಿ. ಮಷೀನನ್ನು ಕೆಲವು ಸಲ ಮಲಗಿಸಿ ಎಬ್ಬಿಸಿ, ಮತ್ತೆ ನೋಡಿ. ಸಂಖ್ಯೆ ಹಾಗೇ ಇದ್ದರೆ ಸರಿ. ಪ್ರತಿ ನಿದ್ದೆಗೂ ಒಂದೊಂದು ಏರುತ್ತಿದ್ದರೆ, ಡ್ರೈವರ್ ಸೂಚನೆ ಕೊಡುವ ಮುಂಚೆಯೇ ಯಾರೋ ಕರೆಂಟ್ ಕೀಳುತ್ತಿದ್ದಾರೆ. ಬಯಾಸ್ ಅಪ್‌ಡೇಟ್, ಕರ್ನಲ್ ಅಪ್‌ಡೇಟ್ ಮೊದಲು ನೋಡಬೇಕಾದ ಜಾಗ.

ಸಾಟಾ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಪಳಗಿದ ವ್ಯವಸ್ಥೆ. ತಲೆನೋವು ಇರುವುದು ಎನ್‌ವಿಎಂಇಯಲ್ಲಿ.

ಎಸ್3 ಅಥವಾ ಹೈಬರ್ನೇಟ್‌ಗೆ ಹೋಗುವಾಗ ಎನ್‌ವಿಎಂಇ ಡ್ರೈವರ್ ಕಂಟ್ರೋಲರ್‌ಗೆ ಶಟ್‌ಡೌನ್ ಸೂಚನೆ ಬರೆಯುತ್ತದೆ, ಮುಗಿಯಿತು ಎಂಬ ಉತ್ತರ ಬರುವವರೆಗೆ ಕಾಯುತ್ತದೆ, ಆಮೇಲೆ ಕರೆಂಟ್ ಹೋಗುತ್ತದೆ. ಇಲ್ಲಿ ಗೊಂದಲವಿಲ್ಲ. ಎಸ್2ಐಡಲ್‌ನಲ್ಲಿ ಆಟ ಬೇರೆ. 2019ರ 5.3 ಕರ್ನಲ್‌ನಿಂದ ಲಿನಕ್ಸ್ ಡಿಸ್ಕನ್ನು ಪೂರ್ತಿ ಆಫ್ ಮಾಡುವ ಬದಲು ಅದರದ್ದೇ ಅತಿ ಕಡಿಮೆ ಕರೆಂಟಿನ ಸ್ಥಿತಿಗೆ ಇಳಿಸಿ ಬಿಡುತ್ತದೆ, ಪಿಸಿಐ ಲಿಂಕ್ ತಾನಾಗಿ ಮಲಗಲು ಬಿಡುತ್ತದೆ. ಕೇಳಲು ತಿರುಗುಮುರುಗು ಅನ್ನಿಸಬಹುದು. ಆದರೆ ಕೆಲವು ಪ್ಲಾಟ್‌ಫಾರ್ಮ್‌ಗಳಲ್ಲಿ ಡಿಸ್ಕನ್ನು ಪೂರ್ತಿ ಆಫ್ ಮಾಡಿದರೇ ಪ್ರೊಸೆಸರ್ ಆಳದ ನಿದ್ದೆಗೆ ಇಳಿಯುವುದಿಲ್ಲ, ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ. ಇನ್ನು ಕೆಲವು ಪ್ಲಾಟ್‌ಫಾರ್ಮ್‌ಗಳಲ್ಲಿ ಇದರ ವಿರುದ್ಧ: ಅಲ್ಲಿ ಡಿಸ್ಕ್ ಪೂರ್ತಿ ಆಫ್ ಆಗಲೇಬೇಕು. ಅಂಥ ಮಷೀನಿನ ಫರ್ಮ್‌ವೇರ್ ‘ಸ್ಟೋರೇಜ್‌ಡಿ3ಎನೇಬಲ್’ ಎಂಬ ಗುರುತು ಇಟ್ಟಿರುತ್ತದೆ, ಡ್ರೈವರ್ ಅದನ್ನು ಓದಿ ನಡೆದುಕೊಳ್ಳುತ್ತದೆ. ಗುರುತು ಇರಬೇಕಾದ ಕಡೆ ಇಲ್ಲದಿದ್ದರೆ, ಇರಬಾರದ ಕಡೆ ಇದ್ದರೆ, ಅನುಭವಿಸುವವರು ನಾವು.

ಎನ್‌ವಿಎಂಇ ಕೈಕೊಟ್ಟಾಗ ಕಾಣುವ ಚಿತ್ರ ಹೀಗೆ. ಎದ್ದ ಮೇಲೆ ಪರದೆ ಬರುತ್ತದೆ, ಆಗಲೇ ರ‍್ಯಾಮ್‌ನಲ್ಲಿದ್ದ ಪ್ರೋಗ್ರಾಂಗಳು ಓಡುತ್ತವೆ, ಹೊಸದೇನೂ ತೆರೆಯುವುದಿಲ್ಲ. ಲಾಗ್‌ನಲ್ಲಿ ‘ಕಂಟ್ರೋಲರ್ ಈಸ್ ಡೌನ್, ವಿಲ್ ರೀಸೆಟ್’ ಎಂದು ಬಂದು, ಪಕ್ಕದಲ್ಲಿ ‘ಸಿಎಸ್‌ಟಿಎಸ್’ ಮೌಲ್ಯವಾಗಿ ಬರೀ ಎಫ್‌ಗಳ ಸಾಲು. ಎಲ್ಲವೂ ಎಫ್ ಅಂದರೆ ಪಿಸಿಐ ಬಸ್‌ನ ಆ ತುದಿಯಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ. ಡಿಸ್ಕ್ ಎದ್ದೇ ಇಲ್ಲ. ರೂಟ್ ಫೈಲ್ ಸಿಸ್ಟಮ್ ಅದರ ಮೇಲೇ ಇದ್ದರೆ ಈ ಲಾಗ್ ಕೂಡ ಡಿಸ್ಕ್‌ಗೆ ಬರೆದಿರುವುದಿಲ್ಲ, ಆದ್ದರಿಂದ ಪರದೆಯ ಫೋಟೋ ತೆಗೆದುಕೊಳ್ಳಿ.

ಮಾಡಬೇಕಾದದ್ದು ಈ ಕ್ರಮದಲ್ಲಿ. ಮೊದಲು ಡಿಸ್ಕ್ ತಯಾರಕರ ಸೈಟಿನಲ್ಲಿ ಎಸ್‌ಎಸ್‌ಡಿ ಫರ್ಮ್‌ವೇರ್ ಹೊಸದು ಇದೆಯೇ ನೋಡಿ. ಇಲ್ಲದಿದ್ದರೆ ಗ್ರಬ್‌ನ (ಲಿನಕ್ಸ್‌ನ ಬೂಟ್ ಮೆನು) ಕರ್ನಲ್ ಸಾಲಿಗೆ ‘ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0’ ಸೇರಿಸಿ ಬೂಟ್ ಮಾಡಿ. ಡಿಸ್ಕ್ ತಾನಾಗಿ ಆಳದ ಸ್ಥಿತಿಗೆ ಜಾರುವುದನ್ನು ಇದು ನಿಲ್ಲಿಸುತ್ತದೆ. ಸಾಲದಿದ್ದರೆ ಮಾತ್ರ ‘ಪಿಸಿಐಇ_ಎಎಸ್‌ಪಿಎಂ=ಆಫ್’. ಎರಡಕ್ಕೂ ಬೆಲೆ ಬ್ಯಾಟರಿಯಲ್ಲಿ ಕಟ್ಟಬೇಕು, ಅದಕ್ಕೇ ಎರಡನ್ನೂ ಒಟ್ಟಿಗೆ ಹಾಕಬೇಡಿ; ಯಾವುದರಿಂದ ಸರಿಹೋಯಿತು ಎಂಬುದೇ ಗೊತ್ತಾಗುವುದಿಲ್ಲ.

ಹಂತ 4: ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್

ಯುಎಸ್‌ಬಿಯಲ್ಲಿ ಎಲ್ಲ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ನಿದ್ದೆಯ ಹೊತ್ತಿನಲ್ಲಿ ಪೋರ್ಟ್‌ಗೆ ಕರೆಂಟ್ ಉಳಿಯಿತೇ, ಹೋಯಿತೇ? ಉಳಿದರೆ ಸಾಧನಕ್ಕೆ ತನ್ನ ವಿಳಾಸ ನೆನಪಿರುತ್ತದೆ, ಎಲ್ಲವೂ ನಿಂತಲ್ಲಿಂದ ಮುಂದುವರಿಯುತ್ತದೆ. ಹೋದರೆ, ನಿಯಮದ ಪ್ರಕಾರ ಆ ಸಾಧನವನ್ನು ಕಿತ್ತು ಮತ್ತೆ ಚುಚ್ಚಿದಂತೆ. ಹಳೆಯ ಮೌಂಟ್ ಸತ್ತುಹೋಗುತ್ತದೆ, ಅದೇ ಡ್ರೈವ್ ‘ಎಸ್‌ಡಿಬಿ’ ಎಂಬ ಹೆಸರು ಹೋಗಿ ‘ಎಸ್‌ಡಿಸಿ’ ಆಗಿ ಮರಳಿ ಬರುತ್ತದೆ. ಹೈಬರ್ನೇಟ್‌ನಲ್ಲಿ ಕರೆಂಟ್ ಹೋಗುವುದು ಹೆಚ್ಚುಕಡಿಮೆ ಖಚಿತ.

ಇದನ್ನು ತಪ್ಪಿಸಲು ಲಿನಕ್ಸ್‌ನಲ್ಲಿ ಯುಎಸ್‌ಬಿ ಪರ್ಸಿಸ್ಟ್ ಎಂಬ ವ್ಯವಸ್ಥೆ ಇದೆ. ಎದ್ದಾಗ ಅದೇ ಪೋರ್ಟ್‌ನಲ್ಲಿ ಅದೇ ವಿವರಗಳಿರುವ ಸಾಧನ ಕಂಡರೆ, ಇದು ಹಳೆಯದೇ ಎಂದು ನಂಬಿ ಹಳೆಯ ಮೌಂಟನ್ನು ಮುಂದುವರಿಸುತ್ತದೆ. ‘/ಸಿಸ್/ಬಸ್/ಯುಎಸ್‌ಬಿ/ಡಿವೈಸಸ್’ ಕೆಳಗೆ ನಿಮ್ಮ ಸಾಧನದ ಫೋಲ್ಡರ್, ಅದರೊಳಗೆ ‘ಪವರ್/ಪರ್ಸಿಸ್ಟ್’ ಫೈಲ್. 1 ಇದ್ದರೆ ಆನ್.

ಇಲ್ಲೊಂದು ಅಪಾಯ ಇದೆ, ಕರ್ನಲ್ ದಾಖಲೆಯೇ ಅದನ್ನು ದೊಡ್ಡದಾಗಿ ಎಚ್ಚರಿಸುತ್ತದೆ. ಅಂಗಡಿಯಿಂದ ಒಂದೇ ಮಾದರಿಯ ಎರಡು ಅಗ್ಗದ ಪೆನ್‌ಡ್ರೈವ್ ತಂದಿದ್ದೀರಿ. ಒಂದನ್ನು ಚುಚ್ಚಿ, ಮಲಗಿಸಿ, ಆ ಹೊತ್ತಿನಲ್ಲಿ ಅದನ್ನು ಕಿತ್ತು ಇನ್ನೊಂದನ್ನು ಚುಚ್ಚಿದಿರಿ. ಸೀರಿಯಲ್ ನಂಬರ್ ಬೇರೆ ಇದ್ದರೆ ಕರ್ನಲ್ ಹಿಡಿಯುತ್ತದೆ. ಅಗ್ಗದ ಡ್ರೈವ್‌ಗಳಲ್ಲಿ ಸೀರಿಯಲ್ ನಂಬರ್ ಇರುವುದೇ ಇಲ್ಲ, ಇಲ್ಲವೇ ಎಲ್ಲಕ್ಕೂ ಒಂದೇ. ಆಗ ಮೊದಲ ಡ್ರೈವ್‌ನ ಫೈಲ್ ಪಟ್ಟಿಯನ್ನು ಎರಡನೆಯದರ ಮೇಲೆ ಬರೆದು ಎರಡನೆಯದನ್ನು ಹಾಳು ಮಾಡುತ್ತದೆ. ಎಸ್‌ಡಿ ಕಾರ್ಡ್ ಈ ವಿಷಯದಲ್ಲಿ ವಾಸಿ: ಪ್ರತಿ ಕಾರ್ಡಿನೊಳಗೂ ಸಿಐಡಿ ಎಂಬ ಗುರುತು ಇರುತ್ತದೆ, ಎದ್ದಾಗ ಕರ್ನಲ್ ಅದನ್ನು ಹೋಲಿಸಿ ನೋಡಿ, ಬೇರೆಯಾದರೆ ಹಳೆಯ ಕಾರ್ಡ್ ಹೋಯಿತು ಎಂದೇ ತೀರ್ಮಾನಿಸುತ್ತದೆ.

ಅದೇ ಕಾರ್ಡನ್ನು, ಅದೇ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ಏನೋ ಬರೆದು ಮತ್ತೆ ತಂದು ಚುಚ್ಚಿದರೆ? ಗುರುತೆಲ್ಲ ಸರಿಯಾಗಿ ಹೊಂದುತ್ತದೆ, ಒಳಗಿರುವುದು ಮಾತ್ರ ಬದಲಾಗಿದೆ. ಇದನ್ನು ಯಾವ ಗುರುತೂ ಹಿಡಿಯಲಾರದು. ಆದ್ದರಿಂದ ನಿಯಮ ಒಂದೇ: ಮಲಗಿದ ಮಷೀನಿನಿಂದ ಡ್ರೈವ್ ಕೀಳಬೇಡಿ. ಬೇಕೇ ಬೇಕು ಅಂದರೆ ಎಬ್ಬಿಸಿ, ಇಜೆಕ್ಟ್ ಮಾಡಿ, ಆಮೇಲೆ ಕೀಳಿ.

ಬ್ಯಾಕಪ್ ಡ್ರೈವ್ ಸದಾ ಚುಚ್ಚಿಯೇ ಇರುವ ಮನೆಗಳಲ್ಲಿ ಇದನ್ನು ನೆನಪಿಡುವುದು ಕಷ್ಟ, ಮಷೀನಿಗೇ ಒಪ್ಪಿಸುವುದು ವಾಸಿ. ಸಿಸ್ಟಮ್‌ಡಿ ಇರುವ ಲಿನಕ್ಸ್‌ನಲ್ಲಿ ‘/ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್’ ಫೋಲ್ಡರ್‌ನಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಇಟ್ಟು ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಡಿ. ಮಲಗುವ ಮುಂಚೆ ಸಿಸ್ಟಮ್‌ಡಿ ಅದನ್ನು ‘ಪ್ರಿ’ ಎಂಬ ಮೊದಲ ಆರ್ಗ್ಯುಮೆಂಟ್‌ನೊಂದಿಗೆ, ಎದ್ದ ಮೇಲೆ ‘ಪೋಸ್ಟ್’ ಎಂಬುದರೊಂದಿಗೆ ಕರೆಯುತ್ತದೆ. ‘ಪ್ರಿ’ ಬಂದರೆ ಬ್ಯಾಕಪ್ ಡ್ರೈವನ್ನು ‘ಯುಮೌಂಟ್’ ಮಾಡು, ‘ಪೋಸ್ಟ್’ ಬಂದರೆ ‘ಮೌಂಟ್’ ಮಾಡು ಎಂದು ಬರೆದರೆ ಮುಗಿಯಿತು. ಆ ಡ್ರೈವ್‌ನ ಫೈಲ್ ಯಾವುದಾದರೂ ತೆರೆದಿದ್ದರೆ ‘ಟಾರ್ಗೆಟ್ ಈಸ್ ಬ್ಯುಸಿ’ ಎಂದು ಅನ್‌ಮೌಂಟ್ ಸೋಲುತ್ತದೆ, ಸ್ಕ್ರಿಪ್ಟ್ ಸೋತರೂ ನಿದ್ದೆ ಮಾತ್ರ ನಿಲ್ಲುವುದಿಲ್ಲ. ಇದು ಪೂರ್ತಿ ಕಾವಲಲ್ಲ ಎಂಬುದು ಗೊತ್ತಿರಲಿ. ಸ್ಕ್ರಿಪ್ಟ್‌ನಲ್ಲೂ ಮೌಂಟ್ ಪಟ್ಟಿಯಾದ ‘ಎಫ್‌ಎಸ್‌ಟ್ಯಾಬ್’ನಲ್ಲೂ ಡ್ರೈವನ್ನು ‘ಎಸ್‌ಡಿಬಿ1’ ಎಂದು ಹೆಸರಿಸದೆ ಯುಯುಐಡಿಯಿಂದ (ಪಾರ್ಟಿಶನ್‌ನ ಖಾಯಂ ಗುರುತು ಸಂಖ್ಯೆ) ಗುರುತಿಸಿ. ಎದ್ದಾಗ ಅಕ್ಷರ ಬದಲಾಗಬಹುದು, ಯುಯುಐಡಿ ಬದಲಾಗದು.

ವಿಂಡೋಸ್‌ನವರು ಡಿವೈಸ್ ಮ್ಯಾನೇಜರ್ ತೆರೆದು, ಡಿಸ್ಕ್ ಡ್ರೈವ್ಸ್ ಅಡಿಯಲ್ಲಿ ಆ ಡ್ರೈವ್‌ನ ಪ್ರಾಪರ್ಟೀಸ್, ಅಲ್ಲಿ ಪಾಲಿಸೀಸ್ ಟ್ಯಾಬ್ ನೋಡಿ. ವಿಂಡೋಸ್ 10ರ 2018ರ 1809 ಆವೃತ್ತಿಯಿಂದ ‘ಕ್ವಿಕ್ ರಿಮೂವಲ್’ ಮೊದಲೇ ಆಯ್ಕೆಯಾಗಿರುತ್ತದೆ. ಬರೆದದ್ದು ರ‍್ಯಾಮ್‌ನಲ್ಲಿ ಕಾಯುವುದಿಲ್ಲ, ಸ್ವಲ್ಪ ನಿಧಾನ, ಆದರೆ ಕ್ಷೇಮ. ವೇಗಕ್ಕಾಗಿ ಯಾರಾದರೂ ‘ಬೆಟರ್ ಪರ್ಫಾರ್ಮೆನ್ಸ್’ಗೆ ಬದಲಿಸಿದ್ದರೆ ಹಿಂದಕ್ಕೆ ತನ್ನಿ. ಮ್ಯಾಕ್‌ನಲ್ಲಿ ಎದ್ದ ಕೂಡಲೇ ‘ಡಿಸ್ಕ್ ನಾಟ್ ಇಜೆಕ್ಟೆಡ್ ಪ್ರಾಪರ್ಲಿ’ ಎಂಬ ಸಂದೇಶ ಪದೇಪದೇ ಬಂದರೆ ಹಬ್ ಅಥವಾ ಡಾಕ್ ನಿದ್ದೆಯಲ್ಲಿ ಕರೆಂಟ್ ಕಡಿಯುತ್ತಿರಬಹುದು; ಡ್ರೈವನ್ನು ನೇರವಾಗಿ ಮ್ಯಾಕ್‌ಗೇ ಚುಚ್ಚಿ ನೋಡಿ.

ಹಂತ 5: ಹೈಬರ್ನೇಟ್ ಮತ್ತು ಡ್ಯುಯಲ್ ಬೂಟ್

ಡೇಟಾ ಹೆಚ್ಚಾಗಿ ಹಾಳಾಗುವುದು ಇಲ್ಲಿ. ನಿದ್ದೆಯಲ್ಲಿ ಡ್ರೈವ್ ಕಿತ್ತು ಬದಲಿಸುವುದನ್ನು ಬಿಟ್ಟರೆ, ಉಳಿದ ಕಡೆ ಬಹುಮಟ್ಟಿಗೆ ಹ್ಯಾಂಗ್ ಆಗುತ್ತದೆ, ಎರರ್ ಬರುತ್ತದೆ, ಅಷ್ಟೆ.

ಹೈಬರ್ನೇಟ್ ಮಾಡುವಾಗ ಲಿನಕ್ಸ್ ಎಲ್ಲವನ್ನೂ ನಿಲ್ಲಿಸಿ ರ‍್ಯಾಮ್‌ನ ಚಿತ್ರವೊಂದನ್ನು ತೆಗೆಯುತ್ತದೆ, ಆಮೇಲೆ ಡಿಸ್ಕನ್ನು ಮತ್ತೆ ಎಬ್ಬಿಸಿ ಆ ಚಿತ್ರವನ್ನು ಸ್ವಾಪ್‌ಗೆ (ಮೆಮೊರಿಗೆ ಪೂರಕವಾಗಿ ಡಿಸ್ಕ್‌ನಲ್ಲಿ ಮೀಸಲಿಟ್ಟ ಜಾಗ) ಬರೆದು ಆಫ್ ಆಗುತ್ತದೆ. ಆ ಚಿತ್ರದೊಳಗೆ ಫೈಲ್ ಸಿಸ್ಟಮ್‌ನ ಲೆಕ್ಕವೂ ಇದೆ: ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಎಂಬುದು. ಅಂಗಡಿಯವರು ಖಾತೆ ಪುಸ್ತಕ ತೆರೆದಿಟ್ಟು, ಬಾಕಿ ಮೊತ್ತ ಮನಸ್ಸಿನಲ್ಲೇ ಇಟ್ಟುಕೊಂಡು ಮಲಗಿದ ಹಾಗೆ. ರಾತ್ರಿ ಇನ್ನೊಬ್ಬರು ಬಂದು ಅದೇ ಪುಟದಲ್ಲಿ ಬರೆದು ಹೋದರೆ, ಬೆಳಿಗ್ಗೆ ಎದ್ದವರು ನೋಡದೆ ತಮ್ಮ ಲೆಕ್ಕವನ್ನೇ ಮುಂದುವರಿಸುತ್ತಾರೆ, ಎರಡೂ ಲೆಕ್ಕ ಕೆಡುತ್ತದೆ.

ಹಾಗಾಗಿ ಒಂದು ಸಿಸ್ಟಮ್ ಹೈಬರ್ನೇಟ್ ಆಗಿರುವಾಗ ಅದರ ಪಾರ್ಟಿಶನ್‌ಗಳನ್ನು ಇನ್ನೊಂದು ಸಿಸ್ಟಮ್‌ನಿಂದ ಮೌಂಟ್ ಮಾಡಲೇಬಾರದು. ‘ಬರೀ ಓದಲು ರೀಡ್-ಓನ್ಲಿ ಮೌಂಟ್ ಮಾಡುತ್ತೇನೆ’ ಅಂದರೂ ತಪ್ಪೇ. ಲಿನಕ್ಸ್‌ನ ಫೈಲ್ ಸಿಸ್ಟಮ್‌ಗಳಾದ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಅನ್ನು ರೀಡ್-ಓನ್ಲಿ ಆಗಿ ಮೌಂಟ್ ಮಾಡಿದರೂ ಜರ್ನಲ್‌ನಲ್ಲಿ ಬಾಕಿ ಇದ್ದದ್ದನ್ನು ಡಿಸ್ಕ್‌ಗೆ ಬರೆದುಬಿಡುತ್ತದೆ. ತೀರಾ ಅನಿವಾರ್ಯವಾದರೆ ರೀಡ್-ಓನ್ಲಿ ಜೊತೆಗೆ ಇಎಕ್ಸ್‌ಟಿ4ಗೆ ‘ನೋಲೋಡ್’, ಎಕ್ಸ್‌ಎಫ್‌ಎಸ್‌ಗೆ ‘ನೋರಿಕವರಿ’ ಆಯ್ಕೆ ಕೊಡಬೇಕು. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಿಪೇರಿ ಮಾಡಲು ಹೊರಟವರು ಎಡವುವುದು ಇಲ್ಲೇ. ಮೊದಲು ‘ಬಿಎಲ್‌ಕೆಐಡಿ’ ಕೊಟ್ಟು ನೋಡಿ: ಸ್ವಾಪ್ ಪಾರ್ಟಿಶನ್‌ನ ಬಗೆ ‘ಸ್ವಾಪ್’ ಬದಲು ‘ಎಸ್‌ಡಬ್ಲ್ಯೂಸಸ್ಪೆಂಡ್’ ಎಂದಿದ್ದರೆ ಒಳಗೆ ಮಲಗಿದ ಸಿಸ್ಟಮ್ ಇದೆ.

ವಿಂಡೋಸ್ ಕಥೆ ಇನ್ನೂ ಮೋಸದ್ದು, ಯಾಕೆಂದರೆ ಅದು ಹೈಬರ್ನೇಟ್ ಮಾಡಿದ್ದು ನಿಮಗೆ ಗೊತ್ತೇ ಇರುವುದಿಲ್ಲ. 2012ರಲ್ಲಿ ವಿಂಡೋಸ್ 8 ಜೊತೆ ಫಾಸ್ಟ್ ಸ್ಟಾರ್ಟಪ್ ಬಂತು. ಶಟ್ ಡೌನ್ ಒತ್ತಿದರೆ ನಿಮ್ಮ ಲಾಗಿನ್ ಮುಗಿಯುತ್ತದೆ, ಆದರೆ ಕರ್ನಲ್ ಮಾತ್ರ ಹೈಬರ್ನೇಟ್ ಆಗುತ್ತದೆ. ಲಿನಕ್ಸ್‌ಗೆ ಬಂದರೆ ವಿಂಡೋಸ್ ಪಾರ್ಟಿಶನ್ ತೆರೆಯುವ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ‘ವಿಂಡೋಸ್ ಈಸ್ ಹೈಬರ್ನೇಟೆಡ್’ ಎಂದು ಬರೆಯಲು ಒಪ್ಪುವುದಿಲ್ಲ. ಅದು ನಿಮ್ಮ ಡೇಟಾ ಕಾಪಾಡುತ್ತಿದೆ. ಕೆಲವರು ತೋರಿಸಿಕೊಡುವ ‘ರಿಮೂವ್_ಹೈಬರ್‌ಫೈಲ್’ ಆಯ್ಕೆ ಮಲಗಿದ್ದ ವಿಂಡೋಸ್ ಸೆಷನ್ನನ್ನೇ ಅಳಿಸುತ್ತದೆ. ಉಳಿಸದ ಕೆಲಸವಿದ್ದರೆ ಹೋಯಿತು. ನಾನಾದರೆ ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಸರಿಯಾದ ದಾರಿ: ವಿಂಡೋಸ್‌ಗೆ ಹೋಗಿ, ಅಡ್ಮಿನಿಸ್ಟ್ರೇಟರ್ ಆಗಿ ಕಮ್ಯಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ. ಹೈಬರ್ನೇಟ್, ಫಾಸ್ಟ್ ಸ್ಟಾರ್ಟಪ್ ಎರಡೂ ಹೋಗುತ್ತವೆ, ‘ಹೈಬರ್‌ಫಿಲ್’ ಫೈಲ್ ನುಂಗಿದ್ದ ಜಾಗವೂ ಮರಳುತ್ತದೆ. ಹೈಬರ್ನೇಟ್ ಬೇಕು ಅನ್ನುವವರು ಪವರ್ ಬಟನ್ ಸೆಟ್ಟಿಂಗ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ಮಾತ್ರ ತೆಗೆಯಿರಿ. ಒಂದೇ ಸಲಕ್ಕೆ ಸಾಕಾದರೆ ಶಿಫ್ಟ್ ಹಿಡಿದು ಶಟ್ ಡೌನ್ ಒತ್ತಿ, ಅಥವಾ ರೀಸ್ಟಾರ್ಟ್ ಕೊಟ್ಟು ಗ್ರಬ್‌ನಲ್ಲಿ ಲಿನಕ್ಸ್ ಆರಿಸಿ.

ಲಿನಕ್ಸ್‌ನಲ್ಲಿ ಹೈಬರ್ನೇಟ್ ಹೊಸದಾಗಿ ಹಾಕುವವರು ಸ್ವಾಪನ್ನು ರ‍್ಯಾಮ್‌ನಷ್ಟಾದರೂ ಇಡಿ. ಚಿತ್ರದ ಗಾತ್ರವನ್ನು ಕರ್ನಲ್ ರ‍್ಯಾಮ್‌ನ ಐದರಲ್ಲಿ ಎರಡು ಭಾಗಕ್ಕೆ ಹಿಡಿಯಲು ನೋಡುತ್ತದೆ ನಿಜ, ಆದರೆ ಅದು ಗುರಿ, ಗ್ಯಾರಂಟಿ ಅಲ್ಲ. ಕರ್ನಲ್ ಸಾಲಿನಲ್ಲಿ ‘ರಿಸ್ಯೂಮ್=’ ಎಂದು ಸ್ವಾಪ್‌ನ ಯುಯುಐಡಿ ಕೊಡಿ, ಸ್ವಾಪ್ ಫೈಲ್ ಆದರೆ ಫೈಲ್ ಇರುವ ಪಾರ್ಟಿಶನ್‌ನ ಯುಯುಐಡಿ ಮತ್ತು ‘ರಿಸ್ಯೂಮ್_ಆಫ್‌ಸೆಟ್=’ ಎರಡೂ ಬೇಕು. ಇನಿಟ್‌ರ‍್ಯಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಓಡುವ ಪುಟ್ಟ ವ್ಯವಸ್ಥೆ) ಒಳಗೆ ರಿಸ್ಯೂಮ್ ಹೆಜ್ಜೆ ರೂಟ್ ಮೌಂಟ್ ಆಗುವ ಮುಂಚೆ ನಡೆಯಬೇಕು. ಕಾರಣ ಮೇಲೆಯೇ ಹೇಳಿದ್ದೇನೆ. ಎರಡು ಲಿನಕ್ಸ್ ಇದ್ದರೆ ಒಂದೇ ಸ್ವಾಪ್ ಹಂಚಿಕೊಳ್ಳಬೇಡಿ. ಸೆಕ್ಯೂರ್ ಬೂಟ್ ಆನ್ ಇದ್ದು ಹೈಬರ್ನೇಟ್ ಆಯ್ಕೆಯೇ ಕಾಣದಿದ್ದರೆ ನಿಮ್ಮ ತಪ್ಪಲ್ಲ, ಹಲವು ಡಿಸ್ಟ್ರೋಗಳಲ್ಲಿ ಕರ್ನಲ್ ಲಾಕ್‌ಡೌನ್ ಎಂಬ ಭದ್ರತಾ ವ್ಯವಸ್ಥೆ ಅದನ್ನು ತಡೆಯುತ್ತದೆ.

ಹಂತ 6: ಮಲಗಲು ಬಿಡದ ಮೌಂಟ್‌ಗಳು

ಪ್ರೋಗ್ರಾಂಗಳನ್ನು ನಿಲ್ಲಿಸಲು ಕರ್ನಲ್ 20 ಸೆಕೆಂಡ್ ಕೊಡುತ್ತದೆ. ಅಷ್ಟರಲ್ಲಿ ಎಲ್ಲವೂ ನಿಲ್ಲದಿದ್ದರೆ ನಿದ್ದೆ ರದ್ದು, ಲಾಗ್‌ನಲ್ಲಿ ‘ಫ್ರೀಜಿಂಗ್ ಫೇಲ್ಡ್’ ಜೊತೆಗೆ ತಪ್ಪಿತಸ್ಥ ಪ್ರೋಗ್ರಾಂನ ಹೆಸರು. ಬಹುತೇಕ ಅದು ಡಿಸ್ಕ್‌ನ ಉತ್ತರಕ್ಕೆ ಕಾಯುತ್ತಾ ಡಿ ಸ್ಥಿತಿಯಲ್ಲಿ (ನಡುವೆ ನಿಲ್ಲಿಸಲಾಗದ ಕಾಯುವಿಕೆ) ಸಿಕ್ಕಿಕೊಂಡಿರುತ್ತದೆ. ಎಸ್‌ಎಸ್‌ಎಚ್‌ಎಫ್‌ಎಸ್‌ನಂಥ ಫ್ಯೂಸ್ ಮೌಂಟ್‌ಗಳಲ್ಲಿ (ಕರ್ನಲ್ ಬದಲು ಸಾಮಾನ್ಯ ಪ್ರೋಗ್ರಾಂ ನಡೆಸುವ ಫೈಲ್ ಸಿಸ್ಟಮ್‌ಗಳು) ಇದು ಸಾಮಾನ್ಯ. ಫೈಲ್ ಸಿಸ್ಟಮ್ ನಡೆಸುವ ಪ್ರೋಗ್ರಾಂ ಮೊದಲು ಫ್ರೀಜ್ ಆಯಿತು ಅನ್ನಿ, ಅದರಿಂದ ಫೈಲ್ ಕೇಳಿದ ಇನ್ನೊಂದು ಪ್ರೋಗ್ರಾಂ ಉತ್ತರ ಬಾರದೆ ಫ್ರೀಜ್ ಆಗಲಾರದು. ಮಲಗುವ ಮುಂಚೆ ಇವುಗಳನ್ನು ಅನ್‌ಮೌಂಟ್ ಮಾಡಿ. ನಾಲ್ಕನೇ ಹಂತದ ಸ್ಕ್ರಿಪ್ಟ್‌ಗೇ ಇದನ್ನೂ ಸೇರಿಸಬಹುದು.

ಹಂತ 7: ಬೀಗ ಹಾಕಿದ ಡಿಸ್ಕ್

ಲಕ್ಸ್ (ಲಿನಕ್ಸ್‌ನ ಡಿಸ್ಕ್ ಬೀಗದ ವ್ಯವಸ್ಥೆ) ಎನ್‌ಕ್ರಿಪ್ಷನ್ ಇದ್ದರೆ, ಎಸ್3ಯಲ್ಲಿ ಅದರ ಕೀಲಿ ರ‍್ಯಾಮ್‌ನಲ್ಲೇ ಉಳಿಯುತ್ತದೆ. ಪ್ರಯಾಣದಲ್ಲಿ ಲ್ಯಾಪ್‌ಟಾಪ್ ಕಳುವಾಗುವ ಭಯ ಇರುವವರು ಪೂರ್ತಿ ಆಫ್ ಮಾಡಿ. ಹೈಬರ್ನೇಟ್ ಮಾಡುವುದಾದರೆ ಸ್ವಾಪ್ ಕೂಡ ಎನ್‌ಕ್ರಿಪ್ಟ್ ಆಗಿರಬೇಕು, ಇಲ್ಲದಿದ್ದರೆ ಆ ಕೀಲಿ ಡಿಸ್ಕ್ ಮೇಲೆ ಬಯಲಾಗಿ ಕೂತಿರುತ್ತದೆ. ಡಿಸ್ಕ್‌ನೊಳಗಿನ ಓಪಲ್ ಎನ್‌ಕ್ರಿಪ್ಷನ್ ಬೇರೆ ಬಗೆ: ಕರೆಂಟ್ ಹೋದರೆ ಡಿಸ್ಕ್ ತಾನೇ ಬೀಗ ಹಾಕಿಕೊಳ್ಳುತ್ತದೆ, ಎಸ್3ಯಿಂದ ಎದ್ದಾಗ ಯಾರಾದರೂ ಮತ್ತೆ ತೆರೆಯಬೇಕು. ಲಿನಕ್ಸ್ ಕರ್ನಲ್‌ಗೆ ಆ ಕೀಲಿ ಉಳಿಸಿಕೊಂಡು ಏಳುವಾಗ ಕೊಡುವ ಸೌಲಭ್ಯ ಇದೆ, ಅದನ್ನು ಮೊದಲೇ ಹೊಂದಿಸಿಟ್ಟಿರಬೇಕು.

ಹಂತ 8: ನಂಬುವ ಮುಂಚೆ ಪರೀಕ್ಷಿಸಿ

ನಿಜವಾಗಿ ಮಲಗಿಸದೆಯೇ ಪರೀಕ್ಷಿಸುವ ದಾರಿ ಲಿನಕ್ಸ್‌ನಲ್ಲಿದೆ. ರೂಟ್ ಆಗಿ ‘/ಸಿಸ್/ಪವರ್/ಪಿಎಂ_ಟೆಸ್ಟ್’ ಫೈಲ್‌ಗೆ ‘ಫ್ರೀಜರ್’ ಎಂದು ಬರೆದು, ಆಮೇಲೆ ‘/ಸಿಸ್/ಪವರ್/ಸ್ಟೇಟ್’ಗೆ ‘ಮೆಮ್’ ಬರೆಯಿರಿ. ಪ್ರೋಗ್ರಾಂಗಳನ್ನು ಮಾತ್ರ ನಿಲ್ಲಿಸಿ, 5 ಸೆಕೆಂಡ್ ಬಿಟ್ಟು ಹಿಂದಕ್ಕೆ ಬರುತ್ತದೆ. ಸರಿಹೋದರೆ ‘ಡಿವೈಸಸ್’ ಹಾಕಿ ಮತ್ತೆ ಮಾಡಿ. ಈಗ ಡಿಸ್ಕ್‌ಗಳೂ ಮಲಗಿ ಏಳುತ್ತವೆ, ಫರ್ಮ್‌ವೇರ್ ಮಾತ್ರ ಕೈ ಹಾಕುವುದಿಲ್ಲ. ಇಲ್ಲಿ ಸೋತರೆ ತಪ್ಪು ಡ್ರೈವರ್ ಕಡೆ. ಇಲ್ಲಿ ಗೆದ್ದು ನಿಜವಾದ ನಿದ್ದೆಯಲ್ಲಿ ಸೋತರೆ ಫರ್ಮ್‌ವೇರ್ ಮೇಲೆ ಅನುಮಾನ ಪಡಿ. ಮುಗಿದ ಮೇಲೆ ‘ನನ್’ ಬರೆದು ಹಿಂದಿನಂತೆ ಮಾಡಲು ಮರೆಯಬೇಡಿ. ಯಾವ ಸಾಧನದಿಂದ ಸೋತಿತು ಎಂಬುದು ‘/ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್’ ಫೋಲ್ಡರ್‌ನ ‘ಲಾಸ್ಟ್_ಫೇಲ್ಡ್_ಡೆವ್’ ಫೈಲ್‌ನಲ್ಲಿ ಸಿಗುತ್ತದೆ.

ಆಮೇಲೆ ನಿಜವಾದ ನಿದ್ದೆ: ‘ಆರ್‌ಟಿಸಿವೇಕ್ -ಎಂ ಮೆಮ್ -ಎಸ್ 60’ ಕೊಟ್ಟರೆ ಮಲಗಿ 60 ಸೆಕೆಂಡಿಗೆ ತಾನೇ ಏಳುತ್ತದೆ. ಇದಕ್ಕೆ ಮುಂಚೆ ದೊಡ್ಡ ಫೈಲೊಂದನ್ನು ಪರೀಕ್ಷಿಸಬೇಕಾದ ಡ್ರೈವ್‌ಗೆ ಕಾಪಿ ಮಾಡಿ ‘ಎಸ್‌ಎಚ್‌ಎ256ಸಮ್’ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಬರೆದಿಟ್ಟುಕೊಳ್ಳಿ. ಎದ್ದ ಕೂಡಲೇ ಮತ್ತೆ ಸಮ್ ತೆಗೆದರೆ ಅದು ಬಹುಶಃ ರ‍್ಯಾಮ್‌ನಲ್ಲಿದ್ದ ಪ್ರತಿಯನ್ನೇ ಓದಿ ‘ಸರಿ’ ಎನ್ನುತ್ತದೆ, ಡಿಸ್ಕ್ ಮುಟ್ಟಿಯೇ ಇರುವುದಿಲ್ಲ. ಡ್ರೈವನ್ನು ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದ ಮೇಲೆಯೇ ಸಮ್ ತೆಗೆಯಿರಿ.

ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಎದ್ದ ಹೊತ್ತಿನ ಸುತ್ತಮುತ್ತ ನೋಡಿ. 129 ಎಂಬ ಸಂಖ್ಯೆ ಇದ್ದರೆ ಡಿಸ್ಕ್ ಉತ್ತರ ಕೊಡದೆ ಡ್ರೈವರ್ ಅದನ್ನು ರೀಸೆಟ್ ಮಾಡಿದೆ. 153 ಇದ್ದರೆ ಒಂದು ಓದು ಅಥವಾ ಬರಹವನ್ನು ಮತ್ತೆ ಪ್ರಯತ್ನಿಸಿದೆ. 157 ಇದ್ದರೆ ಡಿಸ್ಕ್ ಇದ್ದಕ್ಕಿದ್ದಂತೆ ಕಿತ್ತುಹೋಗಿದೆ, ಎಕ್ಸ್‌ಟರ್ನಲ್ ಡ್ರೈವ್ ಆದರೆ ಕೇಬಲ್, ಹಬ್, ಕೊನೆಗೆ ಡಬ್ಬಿ ಈ ಕ್ರಮದಲ್ಲಿ ಬದಲಿಸಿ ನೋಡಿ. ಒಳಗಿನ ಡ್ರೈವ್‌ಗೆ 129 ಪ್ರತಿ ನಿದ್ದೆಯಾದ ಮೇಲೂ ಬರುತ್ತಿದ್ದರೆ, ಬೇರೆ ಯಾವುದನ್ನೂ ಮುಟ್ಟುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ.